ಬುದ್ಧಿ ಗುಳಿಗೆ ನುಂಗಿದ ಪೈಲಟ್

ವಿಮಾನ ಓಡಿಸುತ್ತಿರುವವರು ನಡುವೆ ಸ್ವಲ್ಪ ಹೊತ್ತು 'ಇಲ್ಲದಂತೆ' ಆದರೆ ಏನಾಗುತ್ತದೆ?

ನನ್ನ ಅಕ್ಕನ ಮಗಳು ಅಕ್ಷತಾ ಹಾಗೆ ಆದಳು. ಸಂಜೆ, ಇಳಿಯುವ ಹೊತ್ತು. ಎದುರಿಗೆ ರನ್‌ವೇ, ಪಕ್ಕದ ಸೀಟಿನಲ್ಲಿ ಕಲಿಸುವ ಕ್ಯಾಪ್ಟನ್. ಟವರಿನವರು ರೇಡಿಯೋದಲ್ಲಿ ಏನೋ ಕೇಳಿದರು. ಇವಳು ಉತ್ತರ ಕೊಡಲಿಲ್ಲ. ಮತ್ತೆ ಕೇಳಿದರು, ಮತ್ತೂ ಸುಮ್ಮನೆ. ಕ್ಯಾಪ್ಟನ್ ತಿರುಗಿ ನೋಡಿದರೆ ಹುಡುಗಿ ಕಣ್ಣು ತೆರೆದುಕೊಂಡೇ ಕೂತಿದ್ದಾಳೆ. ಅವರು ಕಂಟ್ರೋಲ್ ಕಸಿದುಕೊಂಡು ವಿಮಾನ ಇಳಿಸಿದರು. ಆಮೇಲೆ ಬೈದರು, ಚೆನ್ನಾಗಿಯೇ ಬೈದರು.

ಇದನ್ನು ಅವಳು ನನಗೆ ಫೋನಿನಲ್ಲಿ ಹೇಳಿದ್ದು ನಗುನಗುತ್ತಾ.

"ಚಿಗವ್ವಾ, ನಾ ಎಲ್ಲೋ ಹೋಗಿಬಿಟ್ಟಿದ್ದೆ ನೋಡ. ನಂಗ ಗೊತ್ತ ಆಗಿಲ್ಲ. ಸರ್ ಅಂದ್ರು, ನಿದ್ದಿ ಮಾಡಾಕ ವಿಮಾನನ ಬೇಕೇನ ನಿಂಗ, ಅಂತ."

ನಾನೂ ನಕ್ಕೆ. ಗೋಕಾಕದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ಊಟದ ಬಿಡುವಿನ ನಂತರದ ಕ್ಲಾಸಿನಲ್ಲಿ ಅರ್ಧ ಮಕ್ಕಳು ಹೀಗೇ ಕಣ್ಣು ತೆರೆದು ಎಲ್ಲೋ ಹೋಗಿರುತ್ತವೆ. (ಕೆಲವೊಮ್ಮೆ ನಾನೂ ಹೋಗಿರುತ್ತೇನೆ.) ಅದನ್ನು ದೊಡ್ಡದು ಮಾಡುವವರು ಯಾರು?

ಅಕ್ಷತಾಳ ಬಗ್ಗೆ ಸ್ವಲ್ಪ ಹೇಳಬೇಕು. ಅವಳ ಅಪ್ಪ, ಅಂದರೆ ನಮ್ಮ ಮಾಮಾ, ಯಮಕನಮರಡಿಯಲ್ಲಿ ಲಾರಿ ಇಟ್ಟುಕೊಂಡವರು. ಮನೆ ಹೈವೇ ಬಾಜೂಕೇ ಇದೆ. ಹುಟ್ಟಿದಾಗಿನಿಂದ ಇಂಜಿನ್ ಸದ್ದು ಕೇಳಿ ಬೆಳೆದ ಹುಡುಗಿ. ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಎರಡರಲ್ಲೂ ಮುಂದು. ಮುಂದೇನು ಅಂದರೆ "ಪೈಲಟ್" ಅಂದಳು. ಮನೆಯವರು ಬೆಚ್ಚಿಬಿದ್ದರು. ಮಾಮಾ ಮಾತ್ರ ಮೀಸೆ ತಿರುವಿದರು. "ನಮ್ಮ ಗಾಡಿ ಕೆಳಗ ಓಡ್ತಾವ, ಮಗಳ ಗಾಡಿ ಮ್ಯಾಲ ಓಡ್ತೈತಿ. ಎರಡೂ ಟ್ರಾನ್ಸ್‌ಪೋರ್ಟ್ ಧಂದೇನ ಅಲ್ಲೇನ?"

ಗಡಿಯಾಚೆ, ಮಹಾರಾಷ್ಟ್ರದ ಒಂದು ಊರಿನ ಫ್ಲೈಯಿಂಗ್ ಸ್ಕೂಲಿಗೆ ಸೇರಿಸಿದರು. ಸೇರಿಸುವ ಮೊದಲು ಮಾಮಾ ಅಲ್ಲಿಯ ಆಫೀಸಿನಲ್ಲಿ ಕೇಳಿದ ಮೊದಲ ಪ್ರಶ್ನೆ: "ಲೈಸೆನ್ಸಿಗೆ ಏಜೆಂಟ್ ಯಾರ ಅದಾರ್ರಿ ಇಲ್ಲಿ?"

ಅವರ ತಪ್ಪಿಲ್ಲ. ನಮ್ಮ ಕಡೆ ಲೈಸೆನ್ಸ್ ಅಂದರೆ ಏಜೆಂಟ್. ಮೆಡಿಕಲ್ ಸರ್ಟಿಫಿಕೇಟ್ ಅಂದರೆ ಒಂದು ಸಹಿ. ನಿಮಗೇನಾದರೂ ಕಾಯಿಲೆ ಇದೆಯೇ ಅಂತ ಕೇಳಿದರೆ ಎಲ್ಲದಕ್ಕೂ 'ಇಲ್ಲ' ಅನ್ನಬೇಕು. ಇದು ನಮಗೆ ಹಾಲು ಕುಡಿಯುವಾಗಿನಿಂದ ಗೊತ್ತು. ಕಣ್ಣಿಗೆ ಪೊರೆ ಬಂದ ಮುದುಕರೂ ಟ್ರ್ಯಾಕ್ಟರ್ ಲೈಸೆನ್ಸ್ ರಿನ್ಯೂ ಮಾಡಿಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಅಕ್ಷತಾ ಹೋದ ವಾರದಲ್ಲೇ ಊರಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. 'ನಮ್ಮೂರ ಹೆಮ್ಮೆಯ ಪೈಲಟ್'. ಹುಡುಗಿ ಇನ್ನೂ ವಿಮಾನದ ಬಾಗಿಲು ತೆಗೆದಿರಲಿಲ್ಲ. ಫೋಟೋದಲ್ಲಿ ಮಾತ್ರ ಸ್ಟುಡಿಯೋದವನು ಅವಳ ತಲೆಗೆ ಟೋಪಿ ಅಂಟಿಸಿದ್ದ.

ಖರೆ ಹೇಳಬೇಕೆಂದರೆ ಅವಳು ಚೆನ್ನಾಗಿ ಕಲಿಯುತ್ತಿದ್ದಳು. ಎರಡು ಸೀಟಿನ ಪುಟ್ಟ ವಿಮಾನ, ಮೂತಿಯಲ್ಲಿ ಗಿರಗಿರ ತಿರುಗುವ ಪಂಖ. ಏರುವುದು, ಒಂದು ಸುತ್ತು ಹಾಕುವುದು, ಇಳಿಯುವುದು, ಮತ್ತೆ ಏರುವುದು. ಇಳಿಸುವುದೇ ಕಷ್ಟವಂತೆ. ಗಾಳಿ ಅಡ್ಡ ಬಂದರೆ ಮೂತಿ ಒಂದು ಕಡೆ, ಹಾದಿ ಇನ್ನೊಂದು ಕಡೆ. "ಎಮ್ಮಿ ಹಗ್ಗಾ ಹಿಡಕೊಂಡ ನಡದಂಗ ಚಿಗವ್ವಾ. ಜಗ್ಗಿದ್ರ ಬರಂಗಿಲ್ಲ, ಬಿಟ್ರ ಓಡ್ತೈತಿ," ಅಂದಿದ್ದಳು.

ಅವಳು ಕಾಯುತ್ತಿದ್ದದ್ದು ಒಂದೇ ದಿನಕ್ಕೆ. ಸೋಲೋ. ಕಲಿಸುವವರು ಪಕ್ಕದ ಸೀಟಿನಿಂದ ಇಳಿದು, ಬಾಗಿಲು ಹಾಕಿ, "ಹೋಗು" ಅನ್ನುವ ದಿನ. ಮೊದಲ ಸಲ ಒಬ್ಬಳೇ ಆಕಾಶಕ್ಕೆ. ಅದು ಮುಂದಿನ ವಾರವೇ ಇತ್ತು.

ಅಕ್ಷತಾಳ ಫೋನು ಬಂದ ದಿನ ಅದೇ ನಗುವಿನಲ್ಲಿ ಅವಳ ತಾಯಿ ಶೋಭಕ್ಕನಿಗೆ ಫೋನ್ ಹಚ್ಚಿದೆ. ನಿನ್ನ ಮಗಳು ವಿಮಾನದಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆದಳಂತೆ ಅಂದೆ. ಅಕ್ಕ ನಗಲಿಲ್ಲ. ಹಿಂದೆ ಕುಕ್ಕರ್ ಸೀಟಿ ಹೊಡೆಯುವುದು ಕೇಳಿಸಿತು. ಅಕ್ಕ ಮೆಲ್ಲಗೆ ಕೇಳಿದಳು:

"ಬಾಯಿ ಚಪ್ಪರಿಸಿದ್ಲಂತೇನ?"

ಇದೆಂಥ ಪ್ರಶ್ನೆ? ವಿಮಾನ ಬಿತ್ತೇ, ಪೆಟ್ಟಾಯಿತೇ, ಸರ್ ಹೊರಗೆ ಹಾಕಿದರೇ... ತಾಯಿಯಾದವಳು ಕೇಳಬಹುದಾದ ಪ್ರಶ್ನೆಗಳು ನೂರಿವೆ. ಬಾಯಿ ಚಪ್ಪರಿಸಿದಳೇ ಅಂತ ಯಾರು ಕೇಳುತ್ತಾರೆ?

"ಯಾಕಕ್ಕಾ?"

"ಸುಮ್ನ ಕೇಳಿದೆ," ಅಂದು ಇಟ್ಟುಬಿಟ್ಟಳು.

ಇಷ್ಟು ವರ್ಷ ಮಕ್ಕಳ ನಡುವೆ ಕಳೆದವಳು ನಾನು. 'ಸುಮ್ನ' ಅಂದವರ ಹೊಟ್ಟೆಯಲ್ಲಿ ಏನಾದರೂ ಇದ್ದೇ ಇರುತ್ತದೆ. ಮರುದಿನ ಶಾಲೆಗೆ ರಜೆ ಹಾಕಿ, ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ, ಯಮಕನಮರಡಿಗೆ ಹೋದೆ.

ಅಕ್ಕ ನನ್ನನ್ನು ನೋಡಿದವಳೇ ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. ಆಮೇಲೆ ಅವಳು ಹೇಳಿದ್ದನ್ನು ಕೇಳಿ.

ಅಕ್ಷತಾ ಸಣ್ಣವಳಿದ್ದಾಗ ಅಂಕಲಗಿಯಲ್ಲಿ ನಮ್ಮ ಬಳಗದ ಒಂದು ಮದುವೆ. ನಾನೂ ಹೋಗಿದ್ದೆ. ಅಕ್ಕಿಕಾಳು ಹಾಕುವ ಹೊತ್ತಿಗೆ ಹುಡುಗಿ ಹಿತ್ತಲಲ್ಲಿ ಬಿದ್ದಿದ್ದಳು. "ಬಿಸಲಿಗೆ ತಲಿ ತಿರಗೇತಿ," ಅಂದಿದ್ದರು. ನಾವೂ ನಂಬಿ ಮಜ್ಜಿಗೆ ಕುಡಿಸಿದ್ದೆವು. ಅದು ಬಿಸಿಲಲ್ಲ, ಫಿಟ್ಸ್. ಆಮೇಲೆ ಮನೆಯಲ್ಲಿ ಮತ್ತೆ ಮತ್ತೆ ಬಂದಿದೆ. ಕೈಕಾಲು ಸೆಟೆದು ಬೀಳುವುದು ಕೆಲವು ಸಲ. ಉಳಿದ ಸಲ ಬರೀ ಕಣ್ಣು ತೆರೆದು ಕೂತು ಬಾಯಿ ಚಪ್ಪರಿಸುವುದು.

ಗೋಕಾಕದಲ್ಲಿ ತೋರಿಸಿದರೆ ಗುರುತಿನವರು ನೋಡುತ್ತಾರೆ. ಹುಕ್ಕೇರಿಯಲ್ಲಂತೂ ಅರ್ಧ ಊರೇ ಬೀಗರು. ಅದಕ್ಕೆ ಮಿರಜಿನ ಡಾಕ್ಟರು. ಪ್ರತಿ ಅಮಾವಾಸ್ಯೆಗೆ ಅಕ್ಕ, ಮಾಮಾ ಮಗಳನ್ನು ಕರೆದುಕೊಂಡು 'ದೇವರಿಗೆ' ಹೋಗುತ್ತಿದ್ದರಲ್ಲ, ಅದು ಅಲ್ಲಿಗೆ! ನಾವು ತಂಗಿಯರೆಲ್ಲ ಅಕ್ಕನ ಭಕ್ತಿಗೆ ಕೈ ಮುಗಿಯುತ್ತಿದ್ದೆವು. ಒಂದು ತೆಂಗಿನಕಾಯಿ ನಮ್ಮ ಹೆಸರಲ್ಲೂ ಒಡೆಸು ಅಂತ ಕಳಿಸಿದ್ದೂ ಉಂಟು. (ಆ ಕಾಯಿಗಳೆಲ್ಲ ಚಟ್ನಿಯಾಗಿರಬೇಕು.)

ಮಗಳಿಗಾದರೂ ಹೇಳಿದ್ದರೇ? ಇಲ್ಲ. ಬಿದ್ದದ್ದು ಬಿಸಿಲಿಗೆ ಅಂದರು, ಡಾಕ್ಟರು ಮಾತಾಡುವಾಗ ಅವಳನ್ನು ಹೊರಗೆ ಕೂರಿಸಿದರು. ಹುಡುಗಿ ಬಾಯಿಬಿಟ್ಟರೆ ಶಾಲೆಗೆ ಗೊತ್ತಾಗುತ್ತದೆ, ಶಾಲೆಯಿಂದ ಊರಿಗೆ, ಊರಿಂದ ನಾಳೆ ಗಂಡಿನ ಕಡೆಯವರಿಗೆ. ಅದಕ್ಕೆ ಗುಳಿಗೆಗೆ ಬೇರೆ ಹೆಸರಿಟ್ಟರು. ಬುದ್ಧಿ ಗುಳಿಗೆ. "ಇದನ್ನ ನುಂಗಿದ್ರ ಶ್ಯಾಣ್ಯಾ ಆಗ್ತಿ," ಅಂತ ಹೇಳಿ ದಿನಾ ರಾತ್ರಿ ಹಾಲಿನ ಜೊತೆ ಕೊಟ್ಟರು. ಹುಡುಗಿ ನಂಬಿದಳು. ಕ್ಲಾಸಿಗೆ ಮೊದಲು ಬರುತ್ತಿದ್ದಳಲ್ಲ, ನಂಬದೇ ಏನು? ಈಚೆಗೆ ಆ ಗುಳಿಗೆಯನ್ನೂ ನಿಲ್ಲಿಸಿದ್ದರು.

"ಮತ್ತ ಈಗ್ಯಾಕ ಬಿಡಿಸಿದಿ?"

"ದೊಡ್ಡಾಕಿ ಆದ್ಲು. ಮನಿಗೆ ನಾಕ ಮಂದಿ ಬರ್ತಾರ, ಹೋಗ್ತಾರ. ಗುಳಿಗಿ ಚೀಟಿ ಯಾರ ಕಣ್ಣಿಗಿ ಬಿದ್ರೂ ಮುಗೀತು. ಎರಡ ವರ್ಷ ಏನೂ ಬಂದಿರಲಿಲ್ಲ. ಆರಾಮ ಆಗೇತಿ ಅಂತ ತಿಳದ ಬಂದ್ ಮಾಡಿದ್ವಿ."

"ಡಾಕ್ಟರ್‌ಗೆ ಕೇಳಿದ್ರೇನ?"

ಅಕ್ಕ ಒಲೆಯ ಕಡೆ ತಿರುಗಿದಳು. ಕೇಳಿರಲಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿತ್ತು. ಪೈಲಟ್ ಆಗುವವರಿಗೆ ಮೆಡಿಕಲ್ ಇರುತ್ತದೆ. ಹಿಂದೆ ಏನೇನು ಕಾಯಿಲೆ ಇತ್ತು ಅಂತ ನಾವೇ ಬರೆದುಕೊಡಬೇಕು. ಅಕ್ಷತಾ ಅದನ್ನು ಇದೇ ಅಡುಗೆಮನೆಯಲ್ಲಿ ಕೂತು ತುಂಬಿದ್ದಳಂತೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಒಂದೊಂದೇ ಪ್ರಶ್ನೆ ಓದುವುದು, ತಾಯಿಯನ್ನು ಕೇಳುವುದು.

"ಯವ್ವಾ, ಸಣ್ಣಾಕಿದ್ದಾಗ ನಂಗ ಫಿಟ್ಸ್ ಏನರ ಬಂದಿತ್ತೇನ?"

"ಇಲ್ಲವಾ," ಅಂದಳು ಅಕ್ಕ. ರೊಟ್ಟಿ ತಿರುವಿ ಹಾಕಿದಳು.

ಹುಡುಗಿ 'ಇಲ್ಲ' ಅಂತ ಬರೆದಳು. ಅವಳು ಸುಳ್ಳು ಬರೆಯಲಿಲ್ಲ ನೋಡಿ. ಕಣ್ಣು, ಕಿವಿ, ಎದೆ, ರಕ್ತ ಎಲ್ಲ ನೋಡಿದ ಡಾಕ್ಟರುಗಳಿಗೆ ಏನೂ ಕಾಣಲಿಲ್ಲ. ಬಾರದೇ ಇರುವ ಹೊತ್ತಿನಲ್ಲಿ ಫಿಟ್ಸ್ ಯಾರಿಗೆ ಕಾಣುತ್ತದೆ?

ಅಕ್ಕ ನನ್ನ ಕೈ ಹಿಡಿದುಕೊಂಡಳು. ಅಳುತ್ತಿದ್ದಳು. "ಅಕಿಗಿ ಹೇಳಬ್ಯಾಡವಾ. ಮೂಡಲಗಿ ಕಡಿಂದ ಒಂದ ಛಲೋ ಸಂಬಂಧ ಬಂದೈತಿ. ಹುಡುಗಗ ಸರ್ಕಾರಿ ನೌಕರಿ. ಪೈಲಟ್ ಅಂತ ಕೇಳೇ ಖುಷಿ ಆಗ್ಯಾರ. ಇದೊಂದ ಆಗಿಬಿಡಲಿ."

"ಮುಂದಿನ ವಾರ ಅಕಿ ಒಬ್ಬಾಕೀನ ಹೋಗಾಕಿ ಅದಾಳಕ್ಕಾ. ಬಾಜೂಕ ಯಾರೂ ಇರಂಗಿಲ್ಲ. ಮ್ಯಾಲ ಹಂಗ ಆದ್ರ?"

"ದೇವರ ಅದಾನ."

ಯಾವ ದೇವರು? ಮಿರಜಿನವನೇ?

ಅಷ್ಟೊತ್ತಿಗೆ ಮಾಮಾ ಊಟಕ್ಕೆ ಬಂದರು. ನನ್ನ ಮುಖ ನೋಡಿಯೇ ವಿಷಯ ತಿಳಿದರು. ಕೈ ತೊಳೆಯಲಿಲ್ಲ, ಬಾಗಿಲಲ್ಲೇ ನಿಂತರು. ಲಾರಿ ಇಟ್ಟವರು, ಒಬ್ಬ ಡ್ರೈವರನ ಎಡವಟ್ಟಿಗೆ ಎಷ್ಟು ಮನೆ ಹಾಳಾಗುತ್ತವೆ ಅಂತ ನನಗಿಂತ ಅವರಿಗೆ ಗೊತ್ತು. ಅವರಲ್ಲಿ ಒಬ್ಬ ಡ್ರೈವರ್ ಇದ್ದ. ಅವನಿಗೆ ಫಿಟ್ಸ್ ಇದೆ ಅಂತ ತಿಳಿದ ದಿನವೇ ಮಾಮಾ ಸ್ಟೇರಿಂಗಿನಿಂದ ಇಳಿಸಿ ಆಫೀಸಿನಲ್ಲಿ ಕೂರಿಸಿದ್ದರು. ಪಗಾರವನ್ನೂ ಕಡಿಮೆ ಮಾಡಿರಲಿಲ್ಲ. ಆಗ ನಾವೆಲ್ಲ ಎಂಥ ದೊಡ್ಡ ಮನಸ್ಸು ಅಂದಿದ್ದೆವು.

"ಅಂವಗ ಒಂದ ನ್ಯಾಯ, ನಿಮ್ಮ ಮಗಳಿಗಿ ಒಂದ ನ್ಯಾಯಾನ ಮಾಮಾ?" ಅಂದೆ.

ಮಾಮಾ ನೆಲ ನೋಡಿದರು. "ಅಂವಂದ ಲಗ್ನ ಆಗಿತ್ತವಾ," ಅಂದರು.

ನಾನು ಬಹಳ ಜಗಳಗಂಟಿ. ಅವತ್ತು ಮಾತ್ರ ಮಾಮಾನ ಜೊತೆ ಜಗಳಕ್ಕೆ ನಿಲ್ಲಲಿಲ್ಲ.

ಹಿತ್ತಲಿಗೆ ಹೋಗಿ ಅಕ್ಷತಾಗೆ ಫೋನ್ ಹಚ್ಚಿದೆ. ಅಕ್ಕ ಹಿಂದೆಯೇ ಬಂದು ನನ್ನ ಸೆರಗು ಜಗ್ಗುತ್ತಿದ್ದಳು. ನಾನು ನಿಲ್ಲಿಸಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ: ಅಂಕಲಗಿಯ ಮದುವೆ, ಅಮಾವಾಸ್ಯೆ, ಗುಳಿಗೆ, ಎಲ್ಲ. ಆ ಕಡೆ ಏನೂ ಸದ್ದಿಲ್ಲ. ಒಂದು ಕ್ಷಣ ಹೆದರಿದೆ. ಈಗಲೂ ಎಲ್ಲೋ ಹೋಗಿಬಿಟ್ಟಳೇನೋ ಅಂತ.

"ಅಕ್ಷು?"

"ಅದೀನಿ ಚಿಗವ್ವಾ." ಆಮೇಲೆ ಕೇಳಿದಳು, "ಹಂಗಾರ ನಾ ಶ್ಯಾಣ್ಯಾ ಆಗಿದ್ದ ಗುಳಿಗಿಂದ ಅಲ್ಲ?"

"ಅಲ್ಲವಾ. ನಿಂದ ಅದು."

"ಪರೀಕ್ಷಾದಾಗ ಛಲೋ ಮಾರ್ಕ್ಸ್ ಬಂದಾಗೆಲ್ಲಾ ನಂದೇನೂ ಇಲ್ಲ, ಗುಳಿಗಿದು ಅಂತನ ಅನಕೊಂಡಿದ್ದೆ," ಅಂದಳು. "ಅವ್ವನ ಕಡೆ ಕೊಡ."

ಅಕ್ಕ ಫೋನ್ ಮುಟ್ಟಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು, ಮೇಷ್ಟ್ರ ಮುಂದೆ ಮಕ್ಕಳು ನಿಲ್ಲುವ ಹಾಗೆ.

ಮುಂದಿನದನ್ನು ಮಾಡಿದ್ದು ಅಕ್ಷತಾ, ನಾನಲ್ಲ. ಅವಳು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೋಲೋ ಅಂದರೆ ಒಂದೇ ಸುತ್ತು. ಏನೂ ಆಗದೇ ಇಳಿದೂ ಬರಬಹುದಿತ್ತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಚಿಕ್ಕಂದಿನಿಂದ ಕಂಡ ಕನಸು ಒಂದು ವಾರದ ದೂರದಲ್ಲಿರುವಾಗ? ನಾನು ಏನು ಮಾಡುತ್ತಿದ್ದೆನೋ, ಎದೆ ಮುಟ್ಟಿ ಹೇಳಲಾರೆ.

ಅವಳು ಅದೇ ಸಂಜೆ ಕ್ಯಾಪ್ಟನ್ ಮುಂದೆ ಹೋಗಿ ನಿಂತು ಎಲ್ಲ ಹೇಳಿದಳು. ಮೊನ್ನೆ ಅಷ್ಟು ಬೈದಿದ್ದ ಮನುಷ್ಯ ಇವತ್ತು ಬೈಯಲಿಲ್ಲವಂತೆ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ತರಿಸಿದರಂತೆ. "ಬೈದಿದ್ರ ಛಲೋ ಇತ್ತು. ಚಾ ತರಿಸಿದ ಕೂಡ್ಲೆ ತಿಳೀತು, ಮುಗೀತು ಅಂತ," ಅಂದಳು ನನಗೆ.

ಮುಗಿದೇ ಹೋಯಿತು. ತಲೆಗೆ ವೈರು ಅಂಟಿಸಿ, ಕಣ್ಣಿಗೆ ಪಕಪಕ ಬೆಳಕು ಬಿಟ್ಟು ಪರೀಕ್ಷೆ ಮಾಡಿದರು. ಆ ಬೆಳಕಿಗೆ ಮೆದುಳು ಏನು ಮಾಡುತ್ತದೆ ಅನ್ನುವುದು ಕಾಗದದ ಮೇಲೆ ಬಂತು. ಇಳಿಬಿಸಿಲು ತಿರುಗುವ ಪಂಖದ ನಡುವಿನಿಂದ ಹೊಡೆದರೂ ಹೀಗೇ ಆಗಬಹುದು ಅಂದರು ಡಾಕ್ಟರು. ಅವತ್ತು ಸಂಜೆ ಆಗಿದ್ದು ಅದೇ ಇರಬೇಕು. ವಿಮಾನ ಓಡಿಸಲು ಅನರ್ಹಳು. ಈಗಷ್ಟೇ ಅಲ್ಲ, ಮುಂದೆಯೂ.

ಹೊಸ ಡಾಕ್ಟರು ಇನ್ನೊಂದು ಮಾತು ಹೇಳಿದರು. ಅದು ನನ್ನನ್ನು ಇವತ್ತಿಗೂ ಸುಡುತ್ತಿದೆ. ಗುಳಿಗೆ ಸರಿಯಾಗಿ ತೆಗೆದುಕೊಂಡರೆ ಇವಳು ವಕೀಲಳಾಗಬಹುದು, ಟೀಚರ್ ಆಗಬಹುದು, ಬ್ಯಾಂಕು ನಡೆಸಬಹುದು, ಮದುವೆಯಾಗಬಹುದು, ಮಕ್ಕಳನ್ನು ಹೆರಬಹುದು. ಬಾಗಿಲು ಮುಚ್ಚಿರುವುದು ಬೆರಳೆಣಿಕೆಯ ಕೆಲಸಗಳಿಗೆ. ಅದರಲ್ಲೊಂದು ಪೈಲಟ್. ಹತ್ತು ವರ್ಷದವಳಿದ್ದಾಗ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಒಂದು ರಾತ್ರಿ ಅತ್ತು ಬೇರೆ ಕನಸು ಕಾಣುತ್ತಿದ್ದಳು. ಇಷ್ಟಗಲ ಲೋಕದಲ್ಲಿ ಅವಳು ಆರಿಸಿಕೊಂಡದ್ದು ಮುಚ್ಚಿದ ಬಾಗಿಲನ್ನೇ. ಅದು ಮುಚ್ಚಿದೆ ಅಂತ ಗೊತ್ತಿದ್ದವರು ಹಿಂದೆ ನಿಂತು ಚಪ್ಪಾಳೆ ಹೊಡೆದರು. ಫ್ಲೆಕ್ಸ್ ಹಾಕಿದರು.

ನನಗೆ ಸಿಟ್ಟು ಬಂದಿದೆ. ಬರೆಯುವಾಗಲೂ ಇಳಿದಿಲ್ಲ. ಆದರೆ ಅಕ್ಕನ ಮೇಲೆ ಪೂರ್ತಿ ಸಿಟ್ಟು ಮಾಡಲೂ ಆಗುತ್ತಿಲ್ಲ. ಫಿಟ್ಸ್ ಇದ್ದ ಹುಡುಗಿಯರನ್ನು ನಮ್ಮ ಕಡೆ ಹೇಗೆ ನೋಡುತ್ತಾರೆ ಅಂತ ನನಗೆ ಗೊತ್ತಿಲ್ಲವೇ? ಗಂಡನ ಮನೆಯಲ್ಲಿ ಒಮ್ಮೆ ಬಿದ್ದರೆ ಮಾರನೇ ದಿನ ತವರಿನ ಬಸ್ಸು. ಅಕ್ಕ ಹೆದರಿದ್ದು ಸುಳ್ಳಿಗಲ್ಲ. ಅವಳು ಮಗಳನ್ನು ಊರಿನಿಂದ ಕಾಪಾಡಿದಳು. ಮಗಳ ತಲೆಯೊಳಗೇ ಇದ್ದದ್ದನ್ನು ಮಗಳಿಂದ ಮುಚ್ಚಿಟ್ಟಳು.

ಹುಡುಗಿ ಮನೆಗೆ ಬಂದಳು. ಊರಿಗೆ ಕೊಡಲು ಉತ್ತರ ತಯಾರಾಗಿತ್ತು: "ಲಗ್ನ ಗೊತ್ತ ಮಾಡಾಕತ್ತೇವಿ, ಅದಕ್ಕ ಕೋರ್ಸ್ ಬಿಡಿಸಿದ್ವಿ." ಜನ ಒಪ್ಪಿದರು. ಹೆಣ್ಣುಮಕ್ಕಳ ಕೋರ್ಸ್ ಬಿಡಿಸಲು ಇದಕ್ಕಿಂತ ಸಭ್ಯ ಕಾರಣ ನಮ್ಮಲ್ಲಿ ಇನ್ನೊಂದಿಲ್ಲ.

ಹೋದ ಭಾನುವಾರ ಮೂಡಲಗಿಯವರು ನೋಡಲು ಬಂದರು. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆದರೂ ನಾನು ಹೋಗಿದ್ದೆ. "ಚಿಗವ್ವ ಬಂದ್ರ ಕುಂದರ್ತೀನಿ, ಇಲ್ಲಂದ್ರ ಇಲ್ಲ," ಅಂತ ಅಕ್ಷತಾ ಹಟ ಹಿಡಿದಿದ್ದಳು. ಸೀರೆ ಉಟ್ಟು, ಅವಲಕ್ಕಿ ತಟ್ಟೆ ಹಿಡಿದು, ತಣ್ಣಗೆ ಬಂದು ಕೂತಳು. ಹುಡುಗನ ತಾಯಿ ನೋಡಲು ಸೌಮ್ಯ ಹೆಂಗಸು. ಪಕ್ಕದಲ್ಲಿ ಅವರ ಯಜಮಾನರು.

ಯಜಮಾನರೇ ಕೇಳಿದರು. "ಅಷ್ಟ ಛಲೋ ಪೈಲಟ್ ಕೋರ್ಸ್ ಯಾಕ ಬಿಟ್ಟೆವಾ? ನಾವೇನ ಬಿಡ ಅಂದಿರಲಿಲ್ಲಲ್ಲಾ."

ಮಾಮಾ ಬಾಯಿ ತೆರೆದರು. ಅಕ್ಷತಾ ಅವರಿಗಿಂತ ಮೊದಲೇ ಹೇಳಿದಳು.

"ನಂಗ ಫಿಟ್ಸ್ ಐತ್ರಿ. ಸಣ್ಣಾಕಿದ್ದಾಗಿಂದ ಐತಿ. ಮಿರಜದಾಗ ತೋರಿಸಿದ್ರು, ನಂಗ ಹೇಳಿರಲಿಲ್ಲ. ಈಗ ಗುಳಿಗಿ ತಗೋತೇನಿ, ಆರಾಮ ಅದೀನಿ. ವಿಮಾನ ಓಡಸಾಕ ಮಾತ್ರ ಬರಂಗಿಲ್ರಿ."

ಯಾರೂ ಅವಲಕ್ಕಿ ಮುಟ್ಟಲಿಲ್ಲ. ಯಜಮಾನರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಹುಡುಗ ಮೊಬೈಲು ತೆಗೆದ. ಅಕ್ಕ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಅಕ್ಷತಾ ಮಾತ್ರ ತಲೆ ಎತ್ತಿ ಕೂತಿದ್ದಳು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಮುಖ ಹಗುರವಾಗಿ ಕಂಡಿತು ನನಗೆ.

ಹುಡುಗನ ತಾಯಿ ಕೈ ತೊಳೆಯಬೇಕು ಅಂತ ಎದ್ದರು. ನಾನು ಹಿತ್ತಲಿಗೆ ಕರೆದುಕೊಂಡು ಹೋದೆ. ತಂಬಿಗೆಯಿಂದ ನೀರು ಹಾಕುತ್ತಿದ್ದೆ. ಅವರು ಕೈ ತೊಳೆಯಲೇ ಇಲ್ಲ. ನೀರು ಸುಮ್ಮನೆ ಬೆರಳ ಮೇಲೆ ಹರಿದು ಹೋಯಿತು. ಹಿಂದೆ ತಿರುಗಿ ಬಾಗಿಲು ನೋಡಿ, ನನ್ನ ಕಿವಿಯ ಹತ್ತಿರ ಬಂದರು.

"ಮಿರಜದಾಗ ಯಾವ ಡಾಕ್ಟರ್ರಿ?"

ನನಗೆ ತಕ್ಷಣ ತಿಳಿಯಲಿಲ್ಲ. "ಯಾಕ್ರಿ?"

"ನಮ್ಮ ಸಣ್ಣ ಮಗಳಿಗೂ ಐತ್ರಿ. ಇವರಿಗೆ, ನನಗೆ ಅಷ್ಟ ಗೊತ್ತು. ಯಾರ ಮುಂದೂ ಆಡಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ."

"ಅಕಿಗಿ ಗೊತ್ತೈತೇನ್ರಿ?"

ಅವರು ತಲೆ ಅಲ್ಲಾಡಿಸಿದರು. ಇಲ್ಲ.

"ಕಾಲೇಜಿಗಿ ಹೆಂಗ ಹೋಗ್ತಾಳ್ರಿ?"

"ಸ್ಕೂಟಿ ಮ್ಯಾಲ್ರಿ. ದಿನಾ."

ಡಾಕ್ಟರ ಹೆಸರು ಅಕ್ಕನಿಗೆ ಗೊತ್ತು, ಕೇಳಿ ತಿಳಿಸುತ್ತೇನೆ, ನಿಮ್ಮ ಫೋನ್ ನಂಬರ್ ಕೊಡಿ ಅಂದೆ. ಅವರು ಗಾಬರಿಯಾದರು. ಫೋನು ಮನೆಯಲ್ಲಿ ಎಲ್ಲರ ಕೈಗೆ ಸಿಗುತ್ತದೆ, ಬೇಡ ಅಂದರು. ಅಷ್ಟರಲ್ಲಿ ಒಳಗಿನಿಂದ ಯಜಮಾನರ ದನಿ ಬಂತು. ಸೆರಗು ತಲೆಗೆ ಹೊದ್ದು ಹೊರಟೇಬಿಟ್ಟರು.

ಬುಧವಾರ ಮೂಡಲಗಿಯಿಂದ ಮಾಮಾನಿಗೆ ಫೋನು ಬಂತು. ಸಂಬಂಧ ಬೇಡವಂತೆ. ಹುಡುಗಿಗೆ ಫಿಟ್ಸ್ ಇದೆಯಲ್ಲ, ನಮ್ಮ ಮನೆತನದಲ್ಲಿ ಅಂಥದ್ದೇನೂ ಇಲ್ಲ ಅಂದರಂತೆ ಯಜಮಾನರು.

ಇದನ್ನೆಲ್ಲ ಬರೆಯಲು ಅಕ್ಷತಾಳನ್ನು ಕೇಳಿದೆ. "ಬರಿ ಚಿಗವ್ವಾ, ನನ್ನ ಹೆಸರ ಹಾಕೇ ಬರಿ," ಅಂದಳು. ಅಕ್ಕ ಇನ್ನು ಎಷ್ಟು ವರ್ಷ ಮಾತಾಡುವುದಿಲ್ಲವೋ ಗೊತ್ತಿಲ್ಲ. ಆ ತಾಯಿಯ ಗುಟ್ಟು ಬಯಲಾಗದಿರಲಿ ಅಂತ ಅವರ ಊರಿನ ಹೆಸರು ಬದಲಿಸಿದ್ದೇನೆ. ಯಾವ ಊರಲ್ಲೂ ಸ್ಕೂಟಿಯ ಮೇಲೆ ಕಾಲೇಜಿಗೆ ಹೋಗುವ ಹುಡುಗಿಯರು ಬೇಕಾದಷ್ಟು ಇದ್ದಾರೆ, ಅವರೆಲ್ಲರ ತಾಯಂದಿರೂ ಇದನ್ನು ಓದಲಿ. ಅಮ್ಮಾ, ನಿಮ್ಮ ನಂಬರ್ ನನ್ನ ಹತ್ತಿರ ಇಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಆ ಸ್ಕೂಟಿಯ ಕೀಲಿಯನ್ನು ಮಗಳ ಕೈಗೆ ಕೊಟ್ಟವರು ಯಾರು?